ಕೂಲಿಯ ಹೊತ್ತು ಮುಗಿದ ಮೇಲೆ ಎದ್ದ ತೋಟ

(ಚೆನ್ನೈಯಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಮಾಡಿದ ಭಾಷಣ)



ಭಾಷಣ ಮಾಡಿ ಅಭ್ಯಾಸವಿಲ್ಲದವನನ್ನು ತಾವು ಮೈಕಿನ ಮುಂದೆ ನಿಲ್ಲಿಸಿದ್ದೀರಿ. ನಲವತ್ತೆರಡು ವರ್ಷ ಈ ಊರಿನ ಹೋಟೆಲುಗಳಲ್ಲಿ ಇದ್ದೆ. ಅಡುಗೆಮನೆಯಲ್ಲಿ ನಾನು ಗಟ್ಟಿಯಾಗಿ ಆಡಿದ ಮಾತೆಂದರೆ ‘ಎರಡು ಮಸಾಲೆ ರೆಡಿ’ ಎಂಬುದೊಂದೇ. ಆದರೂ ಕಾರ್ಯದರ್ಶಿಗಳು ಬಿಡಲಿಲ್ಲ. ‘ಪ್ರತಿ ವರ್ಷ ಮೇ ತಿಂಗಳಲ್ಲಿ ತಪ್ಪದೆ ಊರಿಗೆ ಹೋಗಿ ತೋಟ ನೋಡಿಕೊಂಡು ಬರುವವರು ನೀವೊಬ್ಬರೇ, ಬೇಸಾಯದ ವಿಷಯ ನೀವೇ ಹೇಳಬೇಕು’ ಎಂದರು. ಆದ ಕಾರಣ ಬಂದಿದ್ದೇನೆ.

ಮೊದಲು ನನ್ನ ಮನೆಯ ಮಾತನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಕಳೆದ ದೀಪಾವಳಿಯ ಹೊತ್ತಿಗೆ ನನ್ನ ಅಣ್ಣ ಫೋನು ಮಾಡಿದ. ‘ತಮ್ಮಾ, ನನಗೆ ಎಪ್ಪತ್ತೈದು ದಾಟಿತು. ಗುಡ್ಡೆ ಹತ್ತುವುದಕ್ಕೆ ಆಗುವುದಿಲ್ಲ. ಜಾಗಕ್ಕೆ ಗಿರಾಕಿ ಬಂದಿದ್ದಾನೆ. ಕೊಡುವುದೋ, ಇಟ್ಟುಕೊಳ್ಳುವುದೋ, ನೀನು ಹೇಳು’ ಎಂದ. ಇಲ್ಲಿ ಕುಳಿತಿರುವವರಲ್ಲಿ ಎಷ್ಟು ಜನರಿಗೆ ಇಂತಹ ಫೋನು ಬಂದಿಲ್ಲ? ಉಡುಪಿ, ಕುಂದಾಪುರ, ಪುತ್ತೂರು, ಕಾಸರಗೋಡು ಎಲ್ಲ ಕಡೆಯೂ ಇದೇ ಕಥೆ. ನಾನು ಎರಡು ವಾರ ಉತ್ತರ ಕೊಡಲಿಲ್ಲ. ಆ ಎರಡು ವಾರ ನನ್ನ ತಲೆಯಲ್ಲಿ ತಿರುಗುತ್ತಿದ್ದುದು ನಮ್ಮ ಕಡೆಯ ಒಬ್ಬ ಕೂಲಿಕಾರರ ಕಥೆ. ಈ ದಿನ ಹೇಳಬೇಕೆಂದಿರುವುದೂ ಅದನ್ನೇ.

ಬಂಟ್ವಾಳ ತಾಲೂಕಿನಲ್ಲಿ ಕೇಪು ಎಂದು ಒಂದು ಗ್ರಾಮ. ವಿಟ್ಲದಿಂದ ಪೆರ್ಲಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತರೆ ಕೇರಳದ ಗಡಿ ಸಿಕ್ಕುವ ಮೊದಲು ಅಡ್ಯನಡ್ಕ ಬರುತ್ತದೆ. ಅದರ ಹತ್ತಿರ ಅಮೈ ಎಂಬ ಕಡೆ ಮಹಾಲಿಂಗ ನಾಯ್ಕರ ತೋಟವಿದೆ. 2022ರಲ್ಲಿ ಭಾರತ ಸರಕಾರ ಇವರಿಗೆ ಪದ್ಮಶ್ರೀ ಪ್ರಶಸ್ತಿ ಕೊಟ್ಟಿತು. ಆಗ ತಾವು ಪತ್ರಿಕೆಯಲ್ಲಿ ಅವರ ಚಿತ್ರ ನೋಡಿರಬಹುದು. ನನಗೆ ಅವರ ಪರಿಚಯವಿಲ್ಲ. ಆದುದರಿಂದ ಅವರು ಹೀಗೆಂದರು ಹಾಗೆಂದರು ಎಂದು ನಾನು ಹೇಳುವುದಿಲ್ಲ. ಅವರು ಮಾಡಿದ ಕೆಲಸವನ್ನು ಹೇಳುತ್ತೇನೆ. ಆ ಕೆಲಸ ಎಂತಹುದೆಂದು ನನಗೆ ಗೊತ್ತು, ಏತಕ್ಕೆಂದರೆ ನಮ್ಮ ಅಜ್ಜನೂ ಅದನ್ನು ಮಾಡಿದವನು.

ನಾಯ್ಕರು ಹುಟ್ಟಾ ಜಮೀನುದಾರರಲ್ಲ. ಇತರರ ತೋಟದಲ್ಲಿ ಅಡಕೆ ಮರ, ತೆಂಗಿನ ಮರ ಹತ್ತುವ ಕೂಲಿ ಅವರದು. ಅಡಕೆ ಮರ ಹತ್ತುವ ಕೂಲಿ ಎಂದರೆ ಏನೆಂದು ಘಟ್ಟದ ಮೇಲಿನ ಸೋದರರಿಗೆ ಒಂದು ಮಾತು ಹೇಳಬೇಕು. ಮಳೆಗಾಲದಲ್ಲಿ ಕಾಂಡ ಪಾಚಿ ಹಿಡಿದು ಜಾರುತ್ತಿರುತ್ತದೆ. ಕಾಲಿಗೆ ಒಂದು ಬಳೆ ಹಗ್ಗ ಸಿಕ್ಕಿಸಿಕೊಂಡು ಐವತ್ತು ಅರವತ್ತು ಅಡಿ ಏರಬೇಕು. ಮೇಲೆ ಹೋಗಿ ಕೊಳೆರೋಗಕ್ಕೆ ಮದ್ದು ಬಿಡಬೇಕು, ಗೊನೆ ಇಳಿಸಬೇಕು. ಒಂದು ಮರದ ತುದಿಯಿಂದ ಮತ್ತೊಂದು ಮರವನ್ನು ಎಳೆದು ಹಿಡಿದು ಅದಕ್ಕೆ ದಾಟುವವರೂ ಇದ್ದಾರೆ. ಬಿದ್ದರೆ ಕೇಳುವವರಿಲ್ಲ. ನಮಗೆ ಹೋಟೆಲಿನಲ್ಲಿ ಇ.ಎಸ್.ಐ. ಚೀಟಿಯಾದರೂ ಇತ್ತು.

1978ರಲ್ಲಿ, ಅವರು ಕೆಲಸಕ್ಕೆ ಹೋಗುತ್ತಿದ್ದ ಮನೆಯ ಧಣಿಗಳು ಗುಡ್ಡೆಯ ಮೇಲೆ ಎರಡು ಎಕರೆ ಜಾಗ ಕೊಟ್ಟರು. ಬೋಳು ಗುಡ್ಡೆ, ಮುರಕಲ್ಲು, ಮುಳಿಹುಲ್ಲು. ನೀರು ಒಂದು ಹನಿ ಇಲ್ಲ. ಅಲ್ಲಿ ಅಡಕೆ ಸಸಿ ನೆಟ್ಟರೆ ಮಾರ್ಚ್ ತಿಂಗಳಿಗೆ ಒಣಗಿ ಕಡ್ಡಿಯಾಗುತ್ತದೆ. ಬಾವಿ ತೋಡಿಸಲು ಹಣವಿಲ್ಲ, ಪಂಪಿಗೆ ಹಣವಿಲ್ಲ, ಆಳಿಗೆ ಕೊಡಲು ಹಣವಿಲ್ಲ. ಇದ್ದುದು ಒಂದೇ, ಕೂಲಿ ಮುಗಿದ ಮೇಲಿನ ಹೊತ್ತು.

ಇಲ್ಲಿ ಒಂದು ಮಾತು. ಧಣಿಗಳು ಜಾಗ ಕೊಟ್ಟದ್ದು ಒಳ್ಳೆಯ ಕೆಲಸವೇ ಸರಿ. ಆದರೆ ನಮ್ಮ ಜಿಲ್ಲೆಯಲ್ಲಿ ಬಡವನಿಗೆ ಜಾಗ ಬಂದದ್ದು ಧಣಿಗಳ ಒಳ್ಳೆಯತನದಿಂದ ಅಲ್ಲ ಎಂಬುದನ್ನು ಕಾರ್ಮಿಕರ ಸಭೆಯಲ್ಲಿ ಮರೆಯಬಾರದು. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆಯ ತಿದ್ದುಪಡಿ 1974ನೇ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ಏಳನೇ ನಂಬ್ರದ ಫಾರಂ ತುಂಬಿಸಿ ಡಿಕ್ಲರೇಷನ್ ಕೊಟ್ಟರು. ನಮ್ಮ ತಂದೆಯೂ ಕೊಟ್ಟ. ಚಾಲಗೇಣಿಯ ಒಂದೂವರೆ ಎಕರೆ ಗದ್ದೆ ಮತ್ತು ಅದರ ಮೇಲಿನ ಗುಡ್ಡೆಯ ತುಂಡು ನಮ್ಮ ಹೆಸರಿಗೆ ಆದದ್ದು ಹಾಗೆ. ಆ ದಿನ ತಂದೆ ಬರೆಸಿ ಹಾಕಿದ ಕಾರ್ಡು ನನ್ನ ಪೆಟ್ಟಿಗೆಯಲ್ಲಿ ಈಗಲೂ ಇದೆ. ಗೇಣಿಯ ಒಕ್ಕಲಿಗೆ ಕಾನೂನು ದಾರಿ ಮಾಡಿತು. ಆದರೆ ಗೇಣಿಯೂ ಇಲ್ಲದ ಬರೀ ಕೂಲಿಯವನಿಗೆ ಆ ಫಾರಮ್ಮಿನಲ್ಲಿ ಕಾಲಂ ಇರಲಿಲ್ಲ. ಮಹಾಲಿಂಗ ನಾಯ್ಕರಂತಹವರ ಕಥೆ ಅಲ್ಲಿಂದ ಆರಂಭವಾಗುತ್ತದೆ.

ಅವರು ಸುರಂಗ ತೋಡಲು ಹೊರಟರು.

ಸುರಂಗ ಎಂದರೆ ರೈಲಿನ ಸುರಂಗವಲ್ಲ. ಕಾಸರಗೋಡಿನಲ್ಲಿಯೂ ನಮ್ಮ ಜಿಲ್ಲೆಯ ದಕ್ಷಿಣದ ಅಂಚಿನ ಮಾಣಿಲ, ಕೇಪು ಈ ಗ್ರಾಮಗಳಲ್ಲಿಯೂ ಇರುವ ನೀರಿನ ದಾರಿ ಅದು. ಗುಡ್ಡೆಯ ಪಕ್ಕೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ತುಸು ಬಗ್ಗಿ ಹೋಗುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ, ನೇರವಾಗಿ ಒಳಕ್ಕೆ ಕೊರೆದುಕೊಂಡು ಹೋಗುವುದು. ನಮ್ಮಲ್ಲಿ ಮಳೆ ಏನೂ ಕಡಿಮೆಯಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲ್ಲಿಮೀಟರಿಗೂ ಮೇಲೆ ಬೀಳುತ್ತದೆ. ಇಲ್ಲಿ ಚೆನ್ನೈಯಲ್ಲಿ ಬೀಳುವುದರ ಎರಡೂವರೆ ಪಾಲು. ಆದರೆ ಎಲ್ಲ ಜೂನಿನಿಂದ ಸೆಪ್ಟೆಂಬರಿನ ಒಳಗೆ ಬಂದು ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ ಹೋಗಿಬಿಡುತ್ತದೆ. ಮುರಕಲ್ಲು ತೂತು ತೂತಾದ ಕಲ್ಲು. ಅದು ಒಂದಿಷ್ಟು ನೀರನ್ನು ಕುಡಿದುಕೊಳ್ಳುತ್ತದೆ. ಕೆಳಗೆ ಜೇಡಿಯ ಪದರ ಇದ್ದಲ್ಲಿ ನೀರು ಅದರ ಮೇಲೆ ನಿಲ್ಲುತ್ತದೆ. ಆ ಮಟ್ಟಕ್ಕೆ ಸರಿಯಾಗಿ ಅಡ್ಡ ಕೊರೆದರೆ ನೀರು ತನ್ನಷ್ಟಕ್ಕೆ ಇಳಿದು ಬಾಯಿಗೆ ಬರುತ್ತದೆ. ಹೊರಗೆ ಒಂದು ಮದಕ, ಎಂದರೆ ಮಣ್ಣಿನ ಕೆರೆ, ಕಟ್ಟಿಕೊಂಡರೆ ರಾತ್ರಿಯೆಲ್ಲ ತುಂಬುತ್ತದೆ, ಬೆಳಿಗ್ಗೆ ಅಡಕೆ ದಂಬೆಯಲ್ಲಿ ತೋಟಕ್ಕೆ ಬಿಡಬಹುದು. ಪಂಪು ಇಲ್ಲ, ಕರೆಂಟು ಇಲ್ಲ, ಬಿಲ್ಲು ಇಲ್ಲ.

ಹೇಳುವುದಕ್ಕೆ ಸುಲಭ. ಒಳಗೆ ಹೋದವನಿಗೆ ಗೊತ್ತು. ಪಿಕ್ಕಾಸು ಬೀಸಲು ಜಾಗವಿಲ್ಲ, ಅರ್ಧ ಕುಳಿತು ಕುಕ್ಕಬೇಕು. ಕುಕ್ಕಿದ ಮಣ್ಣನ್ನು ತಾನೇ ಬುಟ್ಟಿಗೆ ತುಂಬಿ ತಾನೇ ಹೊರಕ್ಕೆ ತರಬೇಕು. ಒಳಕ್ಕೆ ಹೋದ ಹಾಗೆ ಗಾಳಿ ಕಡಿಮೆ. ದೀಪ ಮಿಣಮಿಣ ಎಂದರೆ ಗಾಳಿ ಸಾಲದು ಎಂದು ತಿಳಿಯಬೇಕು. ದೀಪ ಆರಿದರೆ ಕೆಲಸ ಬಿಟ್ಟು ಹೊರಗೆ ಬರಬೇಕು. ಬಹಳ ಉದ್ದವಾದರೆ ಮೇಲಿನಿಂದ ಗಾಳಿಗೆ ಒಂದು ಕುಳಿ ಬಿಡುತ್ತಾರೆ. ಮಣ್ಣು ಮೆದುವಾದ ಕಡೆ ಮೇಲಿನಿಂದ ಕುಸಿದರೆ ಮುಗಿಯಿತು. ಮಿಲ್ಲಿನ ಸೋದರರು ಹತ್ತಿಯ ಧೂಳು ಕುಡಿದವರು, ಹೋಟೆಲಿನವರು ಹೊಗೆ ಕುಡಿದವರು. ಆದರೂ ನಮಗೆ ಕೈಕಾಲು ಚಾಚಲು ಜಾಗವಿತ್ತು.

ಬೆಳಿಗ್ಗೆಯಿಂದ ಇತರರ ತೋಟದಲ್ಲಿ ಕೂಲಿ. ಅದು ಮುಗಿದ ಮೇಲೆ ಸಂಜೆಯಿಂದ ರಾತ್ರಿಯವರೆಗೆ ದೀಪದ ಬೆಳಕಿನಲ್ಲಿ ತನ್ನ ಗುಡ್ಡೆಯೊಳಗೆ. ಹೀಗೆ ವರ್ಷಗಳು ನಡೆದವು. ಮಿಲ್ಲಿನವರು ಇದನ್ನು ಡಬಲ್ ಶಿಫ್ಟ್ ಎನ್ನುತ್ತೀರಿ. ಎರಡನೆಯ ಶಿಫ್ಟಿಗೆ ಓಟಿ ಕೊಡುವವರು ಯಾರೂ ಇಲ್ಲ. ಒಂದು ಸುರಂಗ ತೋಡಿದರು, ಒಣ. ಇನ್ನೊಂದು, ಅದೂ ಒಣ. ನಾಲ್ಕು ಸುರಂಗ ಹೀಗೆ ಒಣಗಿ ನಿಂತ ಮೇಲೆಯೂ ಅವರು ಬಿಡಲಿಲ್ಲ. ಊರವರು ನಕ್ಕರು. ನಗದೆ ಏನು ಮಾಡುತ್ತಾರೆ? ನಾನು ಅಲ್ಲಿದ್ದರೆ ನಾನೂ ನಗುತ್ತಿದ್ದೆ. ಆರನೆಯ ಸುರಂಗದಲ್ಲಿ ಕೈತುಂಬ ನೀರು ಸಿಕ್ಕಿತೆಂದು ಪ್ರಶಸ್ತಿ ಬಂದಾಗ ಪತ್ರಿಕೆಗಳೆಲ್ಲ ಬರೆದವು.

ನೀರು ಬಂದ ಮೇಲೆಯೂ ತೋಟ ತಾನಾಗಿ ಆಗಲಿಲ್ಲ. ಗುಡ್ಡೆಯ ಇಳಿಜಾರು. ಮಣ್ಣು ನಿಲ್ಲಬೇಕಾದರೆ ಮೆಟ್ಟಿಲು ಮೆಟ್ಟಿಲಾಗಿ ಸಮತಟ್ಟು ಮಾಡಬೇಕು. ಅದಕ್ಕೆ ಕಲ್ಲು ಕಟ್ಟಬೇಕು. ಸಾವಿರಾರು ಮುರಕಲ್ಲುಗಳನ್ನು ಅವರು ಒಂದೊಂದಾಗಿ ತಾವೇ ಹೊತ್ತು ತಂದು ಕಟ್ಟಿದರು. ಮುರಕಲ್ಲು ಹೊತ್ತವರು ಈ ಸಭೆಯಲ್ಲಿ ಇದ್ದರೆ, ಒಂದು ಕಲ್ಲು ಹೆಗಲ ಮೇಲೆ ಬಿದ್ದರೆ ಹೇಗಿರುತ್ತದೆಂದು ಪಕ್ಕದವರಿಗೆ ಹೇಳಿ. ಹಾಗೆ ಎದ್ದ ತೋಟದಲ್ಲಿ ಮುನ್ನೂರರ ಆಸುಪಾಸು ಅಡಕೆ, ತೆಂಗು, ಬಾಳೆ, ಕಾಳುಮೆಣಸು, ಗೇರು ಬೆಳೆದವು. ನೀರು ಮೇಲಿನಿಂದ ಕೆಳಕ್ಕೆ ತನ್ನ ಭಾರದಿಂದಲೇ ಹರಿದು ಗಿಡಗಳ ಬುಡಕ್ಕೆ ಸೇರುತ್ತದೆ. ಪತ್ರಿಕೆಗಳು ಇದನ್ನು ಸಾವಯವ ತೋಟ ಎಂದು ಕರೆದವು, ಅವರನ್ನು ‘ಸುರಂಗದ ಮನುಷ್ಯ’ ಎಂದು ಕರೆದವು. ದೆಹಲಿಯ ಪ್ರಶಸ್ತಿ ಬರುವುದಕ್ಕೆ ಎಷ್ಟೋ ಮೊದಲೇ ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆಯವರು ಅವರ ಕೆಲಸವನ್ನು ಹೊರಗಿನವರಿಗೆ ತಿಳಿಸಿದ್ದರು. ಈ ಪತ್ರಿಕೆ 1988ರಿಂದ ಪುತ್ತೂರಿನಿಂದ ಹೊರಡುತ್ತಿದೆ. ಕೃಷಿಕರೇ ಕೃಷಿಕರಿಗಾಗಿ ಬರೆಯುವ ಪತ್ರಿಕೆ. ನಮ್ಮ ಸಂಘದ ವಾಚನಾಲಯಕ್ಕೆ ತರಿಸಬೇಕೆಂದು ನಾನು ಎರಡು ಸಲ ಅರ್ಜಿ ಕೊಟ್ಟಿದ್ದೇನೆ. ಕಾರ್ಯದರ್ಶಿಗಳು ಇಲ್ಲೇ ಇದ್ದಾರೆ.

ಈಗ ಸಾವಯವ ಎಂಬ ಮಾತಿಗೆ ಬರೋಣ. ಈ ಮಾತು ಈಗ ಅಂಗಡಿಯ ಹಲಗೆಯ ಮೇಲೆ ಬಂದಿದೆ. ಅಣ್ಣಾನಗರದಲ್ಲಿ, ಅಡಯಾರಿನಲ್ಲಿ ‘ಆರ್ಗ್ಯಾನಿಕ್’ ಎಂದು ಬರೆದ ಅಂಗಡಿಗೆ ಹೋದರೆ ಅಕ್ಕಿಗೆ ಹೆಚ್ಚು ಬೆಲೆ, ಬೆಲ್ಲಕ್ಕೆ ಹೆಚ್ಚು ಬೆಲೆ. ನಮ್ಮಂತಹವರು ಒಳಗೆ ಹೋಗಿ ಬೆಲೆ ಕೇಳಿ ಹೊರಗೆ ಬರುತ್ತೇವೆ. ಕೆಲವರು ಹೇಳುತ್ತಾರೆ: ಹಿಂದೆ ನಮ್ಮ ಅಜ್ಜಂದಿರ ಕಾಲದಲ್ಲಿ ಎಲ್ಲವೂ ಸಾವಯವವಾಗಿತ್ತು, ಅದು ಚಿನ್ನದ ಕಾಲ, ಎಂದು. ನಾನು ಇದನ್ನು ಅರ್ಧ ಒಪ್ಪುತ್ತೇನೆ.

ಅಜ್ಜನ ಕಾಲದಲ್ಲಿ ಗದ್ದೆಗೆ, ತೋಟಕ್ಕೆ ಬೀಳುತ್ತಿದ್ದುದು ಸೊಪ್ಪು, ಹಟ್ಟಿಗೊಬ್ಬರ, ಸುಡುಮಣ್ಣು, ಬೂದಿ. ಅದು ನಿಜ. ಆದರೆ ಸೊಪ್ಪು ತನ್ನಷ್ಟಕ್ಕೆ ನಡೆದು ಬರುವುದಿಲ್ಲ. ಕುಮ್ಕಿ ಗುಡ್ಡೆಯಿಂದ ಅದನ್ನು ಕಡಿದು, ಕಟ್ಟು ಕಟ್ಟಿ, ತಲೆಯ ಮೇಲೆ ಇಳಿಸುತ್ತಿದ್ದವರು ನಮ್ಮ ತಾಯಂದಿರು. ಹಟ್ಟಿಗೊಬ್ಬರದ ಬುಟ್ಟಿಯಿಂದ ನೀರು ಮುಖದ ಮೇಲೆ ಇಳಿಯುತ್ತಿತ್ತು. ಗದ್ದೆ ಧಣಿಯದು, ಗೇಣಿ ಧಣಿಗೆ, ಹೊರುವ ತಲೆ ಮಾತ್ರ ನಮ್ಮದು. ಯೂರಿಯದ ಚೀಲ ಬಂದಾಗ ಊರಿನಲ್ಲಿ ಮೊದಲು ಸಂತೋಷಪಟ್ಟವರು ಯಾರು? ನನ್ನ ತಾಯಿ. ಒಂದು ಚೀಲ ತಂದರೆ ನೂರು ಕಟ್ಟು ಸೊಪ್ಪು ಹೊರುವುದು ತಪ್ಪುತ್ತದೆ ಎಂದು ಅವಳು ಹೇಳಿದ್ದು ನನಗೆ ನೆನಪಿದೆ. ಆದುದರಿಂದ ರಸಗೊಬ್ಬರ ಹಾಕಿದವರನ್ನು ಮೂರ್ಖರು ಎಂದು ಪೇಟೆಯವರು ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ನಮ್ಮ ಮನೆಯ ಯೂರಿಯದ ಹಣ ಎಲ್ಲಿಂದ ಹೋಯಿತು? ಇಲ್ಲಿಂದ. ನಾನು 1972ರಲ್ಲಿ ಹದಿಮೂರು ವರ್ಷದ ಹುಡುಗ, ಮದರಾಸು ಸೆಂಟ್ರಲಿನಲ್ಲಿ ಇಳಿದು ಒಂದು ಹೋಟೆಲಿನಲ್ಲಿ ಕ್ಲೀನರು ಕೆಲಸಕ್ಕೆ ಸೇರಿದೆ. 1956ರವರೆಗೆ ನಮ್ಮ ದಕ್ಷಿಣ ಕನ್ನಡ ಮದರಾಸು ರಾಜ್ಯಕ್ಕೇ ಸೇರಿತ್ತು. ಆದ್ದರಿಂದ ನಮ್ಮ ಹಿರಿಯರಿಗೆ ಈ ಊರು ಪರಸ್ಥಳ ಅನಿಸುತ್ತಿರಲಿಲ್ಲ. ಮುಂದೆ ಮಾಣಿಯಾದೆ, ಆಮೇಲೆ ಒಲೆಯ ಮುಂದೆ ನಿಂತೆ. ತಿಂಗಳ ಮೊದಲ ವಾರ ಅಂಚೆ ಕಚೇರಿಯ ಮುಂದೆ ಮನಿಯಾರ್ಡರಿನ ಸಾಲಿನಲ್ಲಿ ನಿಲ್ಲುತ್ತಿದ್ದೆವು. ನಾನು ಕಳುಹಿಸಿದ ಹಣದಲ್ಲಿ ಅಣ್ಣ ಗೊಬ್ಬರ ತಂದ, ಪಂಪು ತಂದ, ಸಿಂಪಡಿಸುವ ಮದ್ದು ತಂದ. ಮೊದಲ ಕೆಲವು ವರ್ಷ ಐ.ಆರ್. 8 ಭತ್ತ ಚೆನ್ನಾಗಿ ಬಂತು. ಆಮೇಲೆ ಅದೇ ಬೆಳೆಗೆ ಹೆಚ್ಚು ಚೀಲ ಬೇಕಾಯಿತು. ಜಾನುವಾರು ಕಡಿಮೆಯಾಯಿತು. ಆಳು ಸಿಕ್ಕುವುದು ಕಷ್ಟವಾಯಿತು. ಅಣ್ಣ ಗದ್ದೆಗೆ ಮಣ್ಣು ತುಂಬಿಸಿ ಅಡಕೆ ಇಟ್ಟ. ಅಡಕೆಗೆ ನೀರು ಬೇಕು, ಬಾವಿ ಏಪ್ರಿಲಿನಲ್ಲಿ ಬತ್ತುತ್ತದೆ. 1998ರಲ್ಲಿ ಬೋರು ಹಾಕಿಸಿದೆವು. ಒಂದು ಧೂಳು ಕಾರಿತು. ಇನ್ನೊಂದು ಎರಡು ಬೇಸಿಗೆ ನೀರು ಕೊಟ್ಟು ನಿಂತಿತು. ಬೋರಿನ ಲಾರಿಯವನಿಗೆ ಹೋದದ್ದು ನನ್ನ ಪ್ರಾವಿಡೆಂಟ್ ಫಂಡಿನಿಂದ ತೆಗೆದ ಹಣ. ಮೇಲಿನ ಗುಡ್ಡೆಯಲ್ಲಿ ಅಜ್ಜ ತೋಡಿದ ಸುರಂಗವಿತ್ತು. ಅದರ ಬಾಯಿ ಕುಸಿದು ಪೊದೆ ಬೆಳೆದಿತ್ತು. ಅದನ್ನು ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ. ಇದಕ್ಕೆ ಯಾವ ಧಣಿಯನ್ನೂ ಯಾವ ಸರಕಾರವನ್ನೂ ದೂರುವ ಹಾಗಿಲ್ಲ.

ಅಲ್ಲಿ ಮಹಾಲಿಂಗ ನಾಯ್ಕರ ಲೆಕ್ಕವನ್ನು ನೋಡಿ. ಒಣಗಿದ ಸುರಂಗಗಳಲ್ಲಿ ಅವರೂ ಕಳೆದುಕೊಂಡರು. ಆದರೆ ಕಳೆದುಕೊಂಡದ್ದು ಸಾಲದ ಹಣವಲ್ಲ, ತಮ್ಮ ಮೈಯ ಹೊತ್ತು. ಸಾಲಗಾರ ಬಾಗಿಲಿಗೆ ಬರಲಿಲ್ಲ. ಮರುದಿನ ಸಂಜೆ ಮತ್ತೆ ಪಿಕ್ಕಾಸು ಹಿಡಿಯಲು ಸಾಧ್ಯವಾದದ್ದು ಅದರಿಂದಲೇ ಎಂದು ನನಗೆ ತೋರುತ್ತದೆ. ಹೊರಗಿನಿಂದ ಏನನ್ನೂ ಕೊಳ್ಳದೆ ನಡೆಸುವ ಬೇಸಾಯದ ಗುಟ್ಟೂ ಅದರ ಕಷ್ಟವೂ ಇಲ್ಲೇ ಇದೆ. ಚೀಲ, ಪಂಪು, ಮದ್ದು ಇವುಗಳ ಬದಲು ಮೈ ದುಡಿಯಬೇಕು. ಆ ಮೈ ಇನ್ನೊಬ್ಬನಿಗಾಗಿ ದುಡಿದರೆ ಅದು ಅಜ್ಜನ ಕಾಲದ ಬಿಟ್ಟಿ. ತನ್ನ ಮನೆಗಾಗಿ, ತನ್ನ ಹೆಸರಿನಲ್ಲಿರುವ ಮಣ್ಣಿಗಾಗಿ ದುಡಿದರೆ ಅದು ಬೇರೆ. ಒಂದು ಕುಟುಂಬದ ಸಾವಯವ ತೋಟ ಎನ್ನುವಾಗ ನಾನು ‘ಕುಟುಂಬ’ ಎಂಬ ಮಾತಿಗೆ ಹೆಚ್ಚು ಬೆಲೆ ಕೊಡುವುದು ಈ ಕಾರಣದಿಂದ.

ಇದನ್ನು ಇನ್ನೂ ಹಿಂದೆಯೇ ಅರಿತವರು ನಮ್ಮಲ್ಲಿ ಇದ್ದರು. ಬ್ರಹ್ಮಾವರದ ಹತ್ತಿರ ಚೇರ್ಕಾಡಿಯಲ್ಲಿ ರಾಮಚಂದ್ರ ರಾಯರು ಎಂಬ ಗಾಂಧೀವಾದಿಗಳಿದ್ದರು. ಎರಡೂವರೆ ಎಕರೆಯ ಆಸುಪಾಸು ಜಾಗ. ನೇಗಿಲು ಹೂಡದೆ ಭತ್ತ ಬೆಳೆದರು, ಚರಕದಲ್ಲಿ ನೂತರು, ತಮ್ಮ ಮನೆಯವರ ಕೈಗೆ ಎಷ್ಟು ಕೆಲಸ ಆಗುತ್ತದೋ ಅಷ್ಟೇ ಬೇಸಾಯ ಇಟ್ಟುಕೊಂಡರು. ಕುಂದಾಪುರ, ಉಡುಪಿಯ ಸೋದರರಲ್ಲಿ ಅವರ ತೋಟ ನೋಡಿದವರು ಇರಬಹುದು. ಜಪಾನಿನ ಫುಕುವೋಕಾ ಎಂಬವರು ಉಳದೆ ಬೆಳೆಯುವ ಬೇಸಾಯದ ಬಗ್ಗೆ 1975ರಲ್ಲಿ ಪುಸ್ತಕ ಬರೆದು ಲೋಕಪ್ರಸಿದ್ಧರಾದರು. ನಮ್ಮ ಪೂರ್ಣಚಂದ್ರ ತೇಜಸ್ವಿಯವರು ‘ಸಹಜ ಕೃಷಿ’ ಎಂಬ ಪುಸ್ತಕದಲ್ಲಿ ಆ ವಿಚಾರವನ್ನು ಕನ್ನಡದಲ್ಲಿ ಹೇಳಿದ್ದಾರೆ. ದೊಡ್ಡಬಳ್ಳಾಪುರ ಕಡೆಯ ಎಲ್. ನಾರಾಯಣ ರೆಡ್ಡಿಯವರದು ಮತ್ತೊಂದು ದಾರಿ. ಮೊದಲು ರಾಸಾಯನಿಕ ಬೇಸಾಯವನ್ನೇ ಮಾಡಿ, ಅದರ ರುಚಿ ನೋಡಿ, ಬಿಟ್ಟು ಬಂದವರು. 2019ನೇ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಊರೂರು ತಿರುಗಿ ರೈತರಿಗೆ ಹೇಳುತ್ತಿದ್ದರು. ನಾವಿರುವ ತಮಿಳುನಾಡಿನಲ್ಲಿ ನಮ್ಮಾಳ್ವಾರರನ್ನು ತಿಳಿಯದವರಿಲ್ಲ. ಸರಕಾರದ ಸಂಶೋಧನಾ ಕೇಂದ್ರದ ಕೆಲಸ ಬಿಟ್ಟು, ಹಸಿರು ಮುಂಡಾಸು ಕಟ್ಟಿ, 2013ನೇ ಡಿಸೆಂಬರಿನಲ್ಲಿ ಕಣ್ಣು ಮುಚ್ಚುವವರೆಗೆ ಈ ನಾಡೆಲ್ಲ ನಡೆದವರು ಅವರು. ಆದರೆ ಇವರೆಲ್ಲ ಹೇಳಬಲ್ಲವರು, ಬರೆಯಬಲ್ಲವರು. ನಾಯ್ಕರು ಪಿಕ್ಕಾಸಿನವರು. ನನ್ನ ಒಲವು ಯಾವ ಕಡೆ ಎಂದು ತಮಗೆ ತಿಳಿದೇ ಇದೆ.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಅಡ್ಯನಡ್ಕದಿಂದ ಬಸ್ಸು ಮುಂದುವರಿದು ಗಡಿ ದಾಟಿದರೆ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತು. ಪೆರ್ಲ, ಪಡ್ರೆ, ಸ್ವರ್ಗ ಎಲ್ಲ ಅಲ್ಲಿ. ಸ್ವರ್ಗ ಎಂಬುದು ಊರಿನ ಹೆಸರೇ, ನಾನು ಕಟ್ಟಿದ್ದಲ್ಲ. ಅಲ್ಲಿಯೂ ಕನ್ನಡ ಮತ್ತು ತುಳು ಆಡುವವರು, ಅಲ್ಲಿಯೂ ಸುರಂಗಗಳು. ಅದೇ ಸೀಮೆಯ ಗುಡ್ಡೆಗಳ ಮೇಲೆ ಕೇರಳದ ಸರಕಾರಿ ತೋಟಗಾರಿಕೆ ನಿಗಮದ ಗೇರು ತೋಟ, ಸಾವಿರಾರು ಎಕರೆ. ಗೇರಿನ ಚಿಗುರು ಹೀರುವ ಸೊಳ್ಳೆ ತಿಗಣೆಯನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷವನ್ನು ಸುರಿದರು. ನೆತ್ತಿಯಲ್ಲಿ ಗೇರು, ಬುಡದಲ್ಲಿ ಮನೆ, ಬಾವಿ, ಸುರಂಗ, ತೋಡು. ಮೇಲೆ ಬಿದ್ದದ್ದು ಕೆಳಗೆ ಬರದೆ ಎಲ್ಲಿಗೆ ಹೋಗುತ್ತದೆ?

ಅಂಗವಿಕಲ ಮಕ್ಕಳು, ಬುದ್ಧಿ ಬೆಳೆಯದ ಮಕ್ಕಳು, ಗುಣವಾಗದ ಕಾಯಿಲೆಗಳು. ವಾಣಿನಗರದಲ್ಲಿ ಔಷಧಾಲಯ ಇಟ್ಟುಕೊಂಡಿದ್ದ ಡಾಕ್ಟರ್ ಮೋಹನಕುಮಾರರು ಒಂದೇ ಕಡೆ ಇಷ್ಟೊಂದು ಜನಕ್ಕೆ ಹೀಗೇಕೆ ಎಂದು ಕೇಳತೊಡಗಿದರು. ಶ್ರೀಪಡ್ರೆಯವರು ಬರೆದರು. ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ ಎಂಬ ಹೆಂಗಸು ನ್ಯಾಯಾಲಯಕ್ಕೆ ಹೋಗಿ ಆಕಾಶದಿಂದ ಸುರಿಯುವುದನ್ನು ನಿಲ್ಲಿಸುವ ಆಜ್ಞೆ ತಂದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಪಡ್ರೆಯ ನೀರನ್ನೂ ಜನರ ರಕ್ತವನ್ನೂ ಪರೀಕ್ಷಿಸಿದಾಗ ಅದರಲ್ಲಿ ಆ ವಿಷ ಕಂಡುಬಂತು. ಕೊನೆಗೆ 2011ನೇ ಮೇ 13ರಂದು ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಅದರ ತಯಾರಿಯನ್ನೂ ಮಾರಾಟವನ್ನೂ ತಡೆಯಿತು. ನಮ್ಮ ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಕಡೆಯೂ ಗೇರು ತೋಟಗಳಿಗೆ ಹೀಗೆಯೇ ಸುರಿದಿದ್ದರು. ಅಲ್ಲಿಯ ಮನೆಗಳಲ್ಲಿ ಮಲಗಿದಲ್ಲೇ ಬೆಳೆದ ಮಕ್ಕಳಿದ್ದಾರೆ.

ಇದನ್ನೇಕೆ ಹೇಳುತ್ತೇನೆ? ಆ ಮದ್ದು ಸುರಿಯುತ್ತಿದ್ದ ಹೊತ್ತಿನಲ್ಲಿಯೇ, ಅದೇ ಸೀಮೆಯ ಈಚೆ ಬದಿಯ ಗುಡ್ಡೆಯೊಳಗೆ ಒಬ್ಬ ಮನುಷ್ಯ ಚಿಮಣಿ ದೀಪ ಇಟ್ಟುಕೊಂಡು ನೀರು ಹುಡುಕುತ್ತಿದ್ದ. ಎರಡೂ ಕಡೆ ಅದೇ ಮುರಕಲ್ಲು, ಅದೇ ಮಳೆ. ಒಂದು ಕಡೆ ಲೆಕ್ಕ ಬರೆಯುವ ಕಚೇರಿ ದೂರದಲ್ಲಿತ್ತು, ಗುಡ್ಡೆಯ ನೀರು ಕುಡಿಯುವವರು ಅದರ ಪುಸ್ತಕದಲ್ಲಿ ಇರಲಿಲ್ಲ. ಇನ್ನೊಂದು ಕಡೆ ಬೇಸಾಯ ಮಾಡುವವನೇ ಆ ನೀರು ಕುಡಿಯಬೇಕಾಗಿತ್ತು, ಅವನ ಹೆಂಡತಿ ಮಕ್ಕಳೇ ಕುಡಿಯಬೇಕಾಗಿತ್ತು. ತೋಟದ ಮನೆಯವರು ತೋಟದ ನೀರನ್ನೇ ಕುಡಿಯುವುದಾದರೆ ಬುಡಕ್ಕೆ ಏನು ಸುರಿಯಬೇಕು, ಏನು ಸುರಿಯಬಾರದು ಎಂದು ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ.

ಈ ಕಥೆಯನ್ನು ಕೇಳಿ ಯಾರೂ ನಾಳೆಯೇ ಗಲ್ಲಾದಲ್ಲಿ ಲೆಕ್ಕ ಮುಗಿಸಿ ರೈಲು ಹತ್ತಬೇಡಿ. 1996ರಲ್ಲಿ ಪೆರಂಬೂರಿನ ಬಿನ್ನಿ ಮಿಲ್ಲು ಮುಚ್ಚಿದಾಗ ನಮ್ಮವರಲ್ಲಿ ಕೆಲವರು ಕೈಯಲ್ಲಿದ್ದ ಹಣ ಹಿಡಿದು ಊರಿಗೆ ಹೋದರು. ಹೋದ ವರ್ಷವೇ ಎಲ್ಲವನ್ನೂ ತೋಟಕ್ಕೆ ಸುರಿದರು. ಅಡಕೆಯ ಬೆಲೆ ಇಳಿದಾಗ ಕೈ ಬರಿದಾಯಿತು. ಮಹಾಲಿಂಗ ನಾಯ್ಕರು ಸಹ ಎರಡು ಎಕರೆಯನ್ನು ನಂಬಿ ಕೂಲಿಯನ್ನು ಮೊದಲ ದಿನವೇ ಬಿಡಲಿಲ್ಲ ಎಂಬುದನ್ನು ನೆನಪಿಡಿ. ಇತರರ ಮರದ ಕೂಲಿಯೇ ಅವರ ಗಂಜಿಗೆ ಆಧಾರ. ತೋಟ ಎದ್ದದ್ದು ಉಳಿದ ಹೊತ್ತಿನಲ್ಲಿ. ಸಾವಯವದವರು ಕೆಲವರು ಇದನ್ನು ಹೇಳುವುದಿಲ್ಲ. ಮೊದಲ ಐದಾರು ವರ್ಷ ತೋಟ ಅನ್ನ ಹಾಕುವುದಿಲ್ಲ, ಅನ್ನ ಬೇರೆ ಕಡೆಯಿಂದ ಬರಬೇಕು. ಕೊಳೆರೋಗದ ವರ್ಷ ಮೈಲುತುತ್ತು ಸುಣ್ಣದ ಮದ್ದು ಬಿಡದೆ ಇರುವ ಧೈರ್ಯ ನಮ್ಮ ಅಣ್ಣನಿಗಂತೂ ಇಲ್ಲ. ಅದು ಸಾವಯವದ ಕಟ್ಟಳೆಯೊಳಗೆ ಒಂದು ಮಿತಿಗೆ ನಡೆಯುತ್ತದೆ ಎನ್ನುತ್ತಾರೆ. ನಡೆಯದಿದ್ದರೂ ಅವನು ಬಿಡುತ್ತಿದ್ದ.

ಇರಲಿ. ನನ್ನ ಮನೆಯ ಮಾತನ್ನು ಮುಗಿಸುತ್ತೇನೆ. ಅಣ್ಣನ ಮಗ ಮಂಗಳೂರಿನಲ್ಲಿ ವಾಹನ ರಿಪೇರಿ ಕೆಲಸದಲ್ಲಿ ಇದ್ದಾನೆ. ಭಾನುವಾರ ಭಾನುವಾರ ಮನೆಗೆ ಬರುತ್ತಾನೆ. ಅವನು ಯಾರೂ ಹೇಳದೆ ಕಳೆದ ವರ್ಷ ಮಳೆ ನಿಂತ ಮೇಲೆ ಅಜ್ಜನ ಸುರಂಗದ ಬಾಯಿಯ ಪೊದೆ ಕಡಿದ. ನಾಲ್ಕು ಭಾನುವಾರ ಒಬ್ಬನೇ ಮಣ್ಣು ತೆಗೆದ. ಐದನೆಯ ಭಾನುವಾರ ಸುರಂಗದ ಕೆಲಸ ಬಲ್ಲ ಮುದುಕರೊಬ್ಬರನ್ನು ಕರೆತಂದ. ನಮ್ಮ ಕಡೆ ಈಗ ಅಂತಹವರು ಬೆರಳೆಣಿಕೆಗೆ ಬಂದಿದ್ದಾರೆ. ಅವರು ಒಳಗೆ ಹೋಗಿ, ದೀಪ ಹಿಡಿದು ನೋಡಿ, ಮೇಲಿನ ಕಲ್ಲು ಗಟ್ಟಿಯಿದೆ, ಕುಸಿದದ್ದು ಬಾಯಿ ಮಾತ್ರ ಎಂದರು. ಮಾರ್ಚ್ ತಿಂಗಳಲ್ಲಿ ಕಿರುಬೆರಳಿನ ಗಾತ್ರ ನೀರು ಬರುತ್ತಿತ್ತಂತೆ. ಸಂಜೆಯಿಂದ ಬೆಳಗಿನವರೆಗೆ ಬಿಟ್ಟರೆ ಸಣ್ಣ ಟ್ಯಾಂಕಿ ತುಂಬುತ್ತದೆ. ಎಲ್ಲ ಅಡಕೆಗೆ ಸಾಲದು. ಮೇಲಿನ ನೂರು ಮರಕ್ಕೆ ಸಾಕು. ಕೆಳಗಿನ ತುಂಡಿನಲ್ಲಿ ಅಡಕೆ ಸತ್ತ ಕಡೆ ಅತ್ತಿಗೆ ಬಾಳೆ ಇಟ್ಟಿದ್ದಾಳೆ, ತರಕಾರಿ ಇಟ್ಟಿದ್ದಾಳೆ. ಒಂದು ಹಸು ಕಟ್ಟಿದ್ದಾರೆ. ಯೂರಿಯದ ಚೀಲ ತರುವುದನ್ನು ಎರಡು ವರ್ಷದಿಂದ ನಿಲ್ಲಿಸಿದ್ದಾರೆ. ಫಸಲು ಇಳಿದಿದೆ, ಸುಳ್ಳು ಹೇಳುವುದಿಲ್ಲ. ಖರ್ಚು ಅದಕ್ಕಿಂತ ಹೆಚ್ಚು ಇಳಿದಿದೆ ಎಂದು ಅಣ್ಣನ ಮಗ ನೋಟುಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಾನೆ.

ಎರಡು ವಾರ ಕಳೆದು ನಾನು ಅಣ್ಣನಿಗೆ ಫೋನು ಮಾಡಿದೆ. ‘ಅಣ್ಣಾ, ಗಿರಾಕಿಗೆ ಈ ವರ್ಷ ಇಲ್ಲ ಎಂದು ಹೇಳು. ಜಾಗದ ಬಗ್ಗೆ ಹುಡುಗನನ್ನು ಕೇಳದೆ ನಾವು ಇಬ್ಬರು ಮುದುಕರು ತೀರ್ಮಾನ ಮಾಡುವುದು ಸರಿಯಲ್ಲ. ನಾನು ಮೇ ತಿಂಗಳಲ್ಲಿ ಬರುತ್ತೇನೆ, ಈ ಸಲ ಮಳೆ ಹಿಡಿಯುವವರೆಗೆ ಇರುತ್ತೇನೆ. ಸುರಂಗದ ಬಾಯಿಗೆ ಕಲ್ಲು ಕಟ್ಟಬೇಕು’ ಎಂದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ನಿನಗೆ ಬುಟ್ಟಿ ಹೊರಲು ಆಗುತ್ತದೋ?’ ಎಂದು ಕೇಳಿದ. ಆಗುವುದಿಲ್ಲ ಎಂದು ನನಗೂ ಗೊತ್ತು. ನಲವತ್ತೆರಡು ವರ್ಷ ಒಲೆಯ ಮುಂದೆ ನಿಂತ ಮೊಣಕಾಲು ಇದು. ‘ಅಡುಗೆಯಾದರೂ ಮಾಡಿ ಹಾಕುತ್ತೇನೆ, ಅತ್ತಿಗೆಗೆ ಒಂದು ತಿಂಗಳು ರಜ ಸಿಗಲಿ’ ಎಂದೆ.

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಹೊರಗೆ ಕಾಫಿ ತಯಾರಿದೆ, ಅದನ್ನು ಮಾಡಿದವರೂ ನಮ್ಮವರೇ. ಮೇ ತಿಂಗಳಲ್ಲಿ ಆ ಕಡೆ ಬರುವವರಿದ್ದರೆ ಮೊದಲೇ ನನಗೆ ತಿಳಿಸಿ. ವಿಟ್ಲದಲ್ಲಿ ಇಳಿದರೆ ಅಣ್ಣನ ಮಗ ಬೈಕು ತರುತ್ತಾನೆ.